ಬಲಗಡೆಯ ಕೆಂಪು ಚೌಕ

ಗಂಡಸರು ಎಡಕ್ಕೆ, ಹೆಂಗಸರು ಬಲಕ್ಕೆ. ಗಂಡಸಿಗೆ ನೀಲಿ ಪೆನ್ಸಿಲು, ಹೆಂಗಸಿಗೆ ಕೆಂಪು. ಒಂದು ಜೀವಕ್ಕೆ ಒಂದು ಚೌಕ. ತೀರಾ ಕೆಳಗಿನ ಸಾಲಿನಲ್ಲಿ ಐದು ತುಂಬದ ಕೂಸುಗಳು, ಅಲ್ಲಿಂದ ಐದೈದು ವರ್ಷಕ್ಕೊಂದು ಸಾಲು ಮೇಲೇರುತ್ತ ಹೋಗಿ ನೆತ್ತಿಯ ಮೇಲೆ ಎಂಬತ್ತು ದಾಟಿದ ಮುದುಕ ಮುದುಕಿಯರು. ಏಳನೇ ವಾರ್ಡಿನ ನಾನೂರ ಹನ್ನೆರಡು ಜನರನ್ನು ವರ್ಷಕ್ಕೊಮ್ಮೆ ಗಣತಿ ಮಾಡಿ ಹೀಗೆ ಕಾಗದದ ಮೇಲೆ ಕೂರಿಸುವುದು ಲೆಕ್ಕಣ್ಣನ ಕೆಲಸ. ಕಚೇರಿಗೆ ಕಂಪ್ಯೂಟರ್ ಬಂದು ಎಷ್ಟೋ ಕಾಲವಾಗಿತ್ತು. ಆದರೂ ಗೋಡೆಗೆ ಹಚ್ಚುವ ನಕ್ಷೆ ಮಾತ್ರ ಅವನ ಕೈಯದೇ ಆಗಬೇಕು. ಅವನಿಗೂ ಒಂದು ಹೆಸರಿತ್ತು, ಇಲ್ಲವೆಂದಲ್ಲ, ಆದರೆ ಅದು ಹಾಜರಿ ಪುಸ್ತಕದಲ್ಲೇ ಉಳಿದುಹೋಗಿತ್ತು. ಊರಿಗೆಲ್ಲ ಅವನು ಲೆಕ್ಕಣ್ಣ.

ನಕ್ಷೆಯ ಬಲಗಡೆಯಲ್ಲಿ ನಲವತ್ತೈದರಿಂದ ನಲವತ್ತೊಂಬತ್ತರವರೆಗಿನ ಸಾಲಿನ ಕೊನೆಯ ಚೌಕ ಅವನ ಹೆಂಡತಿಯದು. ಮಿಕ್ಕವರನ್ನು ಅವನು ಸರಸರ ತುಂಬಿಸಿಬಿಡುತ್ತಿದ್ದ. ಆ ಒಂದು ಚೌಕಕ್ಕೆ ಬಂದಾಗ ಮಾತ್ರ ಪೆನ್ಸಿಲು ಚೂಪು ಮಾಡಿಕೊಂಡು, ಗೆರೆ ದಾಟದಂತೆ, ಮೂಲೆ ಬಿಡದಂತೆ ನಿಧಾನಕ್ಕೆ ಬಣ್ಣ ಹಚ್ಚುತ್ತಿದ್ದ. ಅವಳು ಹೋಗುವಾಗ ಮೂವತ್ತರ ಸಾಲಿನಲ್ಲಿದ್ದಳು. ಪ್ರತಿ ಗಣತಿಗೂ ಅವಳ ವಯಸ್ಸಿಗೆ ಒಂದು ಕೂಡಿಸಿ ಕೂಡಿಸಿ, ಮೂವತ್ತೈದಕ್ಕೆ, ನಲವತ್ತಕ್ಕೆ, ಈಗ ನಲವತ್ತೈದರ ಸಾಲಿಗೆ ತಾನೇ ಕೈ ಹಿಡಿದು ಹತ್ತಿಸಿದ್ದ. ಅವಳು ಹೋದ ಮೇಲೆ ಹದಿನಾಲ್ಕು ಗಣತಿ ಆಗಿತ್ತು.

ಹೋಗಿದ್ದೆಲ್ಲಿಗೆ ಎಂದರೆ, ಎಲ್ಲರೂ ಹೋದಲ್ಲಿಗೆ. ಸಮುದ್ರದಾಚೆಯ ದೇಶಗಳಲ್ಲಿ ಮುದುಕರು ಜಾಸ್ತಿಯಾಗಿ ನೋಡಿಕೊಳ್ಳುವವರು ಕಡಿಮೆಯಾಗಿದ್ದರು. ಈ ಊರಿನ ಹೆಂಗಸರ ಕೈಗುಣ ಒಳ್ಳೆಯದು ಎಂದು ಅಲ್ಲಿ ಅದ್ಯಾರು ಹೇಳಿದರೋ, ಮೊದಲು ಒಬ್ಬಳು ನರ್ಸು ಹೋದಳು, ಅವಳ ಹಿಂದೆ ಅವಳ ತಂಗಿ, ತಂಗಿಯ ಹಿಂದೆ ನಾದಿನಿ, ಆಮೇಲೆ ಬೀದಿಗೆ ಬೀದಿಯೇ. ಲೆಕ್ಕಣ್ಣನ ಹೆಂಡತಿಯೂ "ನಾಲ್ಕೇ ವರ್ಷ, ಕಣ್ಣು ಮುಚ್ಚಿ ಬಿಡೋದರಲ್ಲಿ ಬಂದ್ಬಿಡ್ತೀನಿ ಕಣ್ರೀ" ಎಂದು ಹೊರಟಳು. ಮಕ್ಕಳಿರಲಿಲ್ಲ, ಹಾಗಾಗಿ ಅವಳ ಸೆರಗು ಹಿಡಿದು ಎಳೆಯುವವರೂ ಇರಲಿಲ್ಲ. ತನ್ನ ತಾಯಿಯನ್ನು ಗಂಡನ ಕೈಗೆ ಒಪ್ಪಿಸಿ, ಅಲ್ಲಿ ಯಾರದೋ ತಾಯಿಯ ಬೆನ್ನು ಉಜ್ಜಲು ಹೋದಳು. ಆ ಅಜ್ಜಿ ತೀರಿಕೊಂಡಳು, ಇನ್ನೊಬ್ಬ ಅಜ್ಜಿ ಬಂದಳು. ಈಗ ಮೂರನೆಯ ಅಜ್ಜಿ. ಮೊದಮೊದಲು ಎರಡು ಸಲ ಬಂದು ಹೋಗಿದ್ದಳು. ಆಮೇಲೆ ಭಾನುವಾರದ ಫೋನು ಮಾತ್ರ. "ಬರೋ ವರ್ಷ ಖಂಡಿತ" ಎನ್ನುವುದು ಫೋನಿಡುವ ಮೊದಲು ಹೇಳುವ ಮಾತಾಗಿಬಿಟ್ಟಿತ್ತು.

ಇಲ್ಲಿ ಊರಿನ ಪಾಡು ಕೇಳಬೇಡಿ. ನಲ್ಲಿಯ ಮುಂದೆ ಗಂಡಸರು, ಹಿಟ್ಟಿನ ಗಿರಣಿಯಲ್ಲಿ ಗಂಡಸರು, ಬಟ್ಟೆ ಒಣಹಾಕುವವರೂ ಅವರೇ, ಪಕ್ಕದ ಮನೆಯ ಹಗ್ಗ ನಮ್ಮ ಕಡೆಗೆ ಬಂತೆಂದು ಜಗಳ ಕಾಯುವವರೂ ಅವರೇ. ಹೆಣ್ಣುಮಕ್ಕಳ ಜಡೆ ಹೆಣೆಯಲು ಬಾರದೆ ಅಪ್ಪಂದಿರು ಸೋತು ಸುಣ್ಣವಾಗಿ, ಕೊನೆಗೆ ಕ್ಷೌರದಂಗಡಿಯವನೇ ಆ ವಿದ್ಯೆ ಕಲಿತ. ಶಾಲೆಯ ದಿನ ಬೆಳಗ್ಗೆ ಅವನ ಅಂಗಡಿಯ ಮುಂದೆ ಬಾಚಣಿಗೆ, ರಿಬ್ಬನ್ನು ಹಿಡಿದುಕೊಂಡ ಗಂಡಸರ ಸಾಲು ನೋಡಬೇಕು, ಒಬ್ಬೊಬ್ಬರ ಮುಂದೆ ಕೂದಲು ಕೆದರಿಕೊಂಡ ಒಂದೊಂದು ಹುಡುಗಿ. ನಗು ಬರುತ್ತದೆ, ನಿಜ. ಸ್ವಲ್ಪ ಹೊತ್ತು ನಿಂತು ನೋಡಿದರೆ ಆ ನಗು ಉಳಿಯುವುದಿಲ್ಲ.

ಇಷ್ಟಾದರೂ ಏಳನೇ ವಾರ್ಡಿನ ನಕ್ಷೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಹೇಗೆ ಎನ್ನುತ್ತೀರಾ? ಗಣತಿಯಲ್ಲಿ ಕೇಳುವುದು ಒಂದೇ ಪ್ರಶ್ನೆ: ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಮಲಗಿದ್ದರು? ಲೆಕ್ಕಣ್ಣ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಒಳಗಿನಿಂದ ಗಂಡಸು, "ನಾನು, ಮಕ್ಕಳು, ಅವಳು" ಎನ್ನುತ್ತಿದ್ದ. "ಎಲ್ಲಿ, ಕಾಣ್ತಿಲ್ಲ?" "ಈಗಷ್ಟೇ ಹೊರಗೆ ಹೋದ್ಲು." ಲೆಕ್ಕಣ್ಣ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ. ಹೊರಗೆ ಹೋದವಳು ಹೋಗಿ ಎಂಟು ವರ್ಷವಾಗಿದೆ ಎಂದು ಅವನಿಗೂ ಗೊತ್ತು, ಹೇಳಿದವನಿಗೂ ಗೊತ್ತು. ಬಾಗಿಲ ಪಕ್ಕದಲ್ಲಿ ಅವಳ ಚಪ್ಪಲಿ ಇರುತ್ತಿತ್ತು, ಅದೇ ಸಾಕ್ಷಿ. ಹೆಂಡತಿ ಹೋದರೂ ಅವಳ ಚಪ್ಪಲಿಯನ್ನು ಬಾಗಿಲಿನಿಂದ ಎತ್ತಬಾರದು ಎಂದು ಯಾರೂ ಹೇಳಿಕೊಟ್ಟದ್ದಲ್ಲ, ಆದರೆ ವಾರ್ಡಿನಲ್ಲಿ ಯಾವ ಗಂಡಸೂ ಎತ್ತಿರಲಿಲ್ಲ. ತನ್ನ ಮನೆಯ ಸುಳ್ಳು ಬರೆದವನು ಪಕ್ಕದ ಮನೆಯ ಸುಳ್ಳನ್ನು ಯಾವ ಮುಖ ಇಟ್ಟುಕೊಂಡು ಹೊಡೆದುಹಾಕುತ್ತಾನೆ?

ಹೀಗೆ ನಡೆದುಕೊಂಡು ಹೋಗುತ್ತಿತ್ತು, ತಪಾಸಣೆಗೆಂದು ಕೇಂದ್ರ ಕಚೇರಿಯಿಂದ ಮೇಡಂ ಬರುವತನಕ.

ಆಕೆಗೆ ನಲವತ್ತರ ಆಸುಪಾಸು. ಹೆಗಲಲ್ಲಿ ದೊಡ್ಡ ಚೀಲ, ಚೀಲದಲ್ಲಿ ಒಂದು ಥರ್ಮಾಸು. ಗೋಡೆಯ ಮುಂದೆ ನಿಂತು ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ತುಂಬ ಚೆನ್ನಾಗಿ ಬರ್ದಿದೀರಿ," ಎಂದರು.

ಲೆಕ್ಕಣ್ಣ ಉಬ್ಬಿಹೋದ. "ಎಲ್ಲ ನಿಮ್ಮ ಆಶೀರ್ವಾದ ಮೇಡಂ."

"ನನ್ನ ಆಶೀರ್ವಾದ ಪಕ್ಕಕ್ಕಿಡಿ. ಇಪ್ಪತ್ತರಿಂದ ಐವತ್ತರೊಳಗಿನ ಹೆಂಗಸರು ತೊಂಬತ್ತೊಂದು ಜನ. ಹೋದ ವರ್ಷ ಹುಟ್ಟಿದ ಮಕ್ಕಳು ಎಷ್ಟು?"

"ಎರಡು."

"ತೊಂಬತ್ತೊಂದು ಹೆಂಗಸರು, ಎರಡೇ ಕೂಸು!"

"ಈಗಿನವರಿಗೆ ಮಕ್ಕಳು ಬೇಡ ಮೇಡಂ."

"ಬೇಡ ಅನ್ನೋಕಾದ್ರೂ ಮನೇಲಿ ಒಬ್ಬಳು ಇರಬೇಕಲ್ಲ," ಎಂದರು ಮೇಡಂ. "ನಡುವೆ ಇಷ್ಟು ದಪ್ಪ, ಕೆಳಗೆ ಇಷ್ಟು ಸಪೂರ. ಒಂದು ವರ್ಷ ಆದ್ರೆ ಏನೋ ಅನ್ನಬಹುದು. ಹತ್ತು ವರ್ಷದಿಂದ ಹೀಗೇ ಇದೆ. ನಿಮ್ಮ ನಕ್ಷೆ ನಂಬಿ ಇಲ್ಲಿ ಎಂಟು ಹಾಸಿಗೆಯ ಹೆರಿಗೆ ಕೇಂದ್ರ ಇಟ್ಟಿದಾರೆ. ಈಗ ನೋಡ್ಕೊಂಡು ಬಂದೆ. ನರ್ಸು ಸ್ವೆಟರ್ ಹೆಣೀತಾ ಕೂತಿದ್ಲು."

ಆ ಎಂಟು ಖಾಲಿ ಹಾಸಿಗೆಗಳ ವಿಷಯ ಲೆಕ್ಕಣ್ಣನಿಗೆ ಗೊತ್ತಿಲ್ಲದೇನಿರಲಿಲ್ಲ. ಅವನ ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಊರಿನಲ್ಲಿ ಕಣ್ಣಿನ ಡಾಕ್ಟರಿಲ್ಲ, ಯಾಕೆಂದರೆ ನಕ್ಷೆಯ ಪ್ರಕಾರ ಇದು ಹರೆಯದವರ ಊರು. ಎರಡು ಗಂಟೆ ಬಸ್ಸಿನಲ್ಲಿ ಕುಲುಕಿಕೊಂಡು ದೊಡ್ಡಾಸ್ಪತ್ರೆಗೆ ಹೋಗಿ, ಅಲ್ಲಿ ಆ ದಿನದ ಚೀಟಿ ಮುಗಿಯಿತೆಂದು ಎರಡು ಸಲ ವಾಪಸು ಬಂದಿದ್ದರು. ಮೂರನೆಯ ಸಲಕ್ಕೆ ಅತ್ತೆ, "ಕಂಡಿದ್ದೆಲ್ಲ ಸಾಕು ಬಿಡಿ ಅಳಿಯಂದ್ರೇ" ಎಂದು ಗೋಡೆ ಕಡೆ ತಿರುಗಿ ಮಲಗಿದ್ದಳು.

"ನಾಳೆ ಶನಿವಾರ. ಬೆಳಗ್ಗೆ ಐದೂವರೆಗೆ ಹೊರಡೋಣ," ಎಂದರು ಮೇಡಂ. "ಆ ಹೊತ್ತಿಗೆ ಯಾರೂ ಎಲ್ಲಿಗೂ ಹೋಗಿರಲ್ಲ."

ಮೊದಲ ಮನೆ ಬೇಕರಿಯವನದು. ಕೈಗೆಲ್ಲ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದ. ನಿನ್ನೆ ರಾತ್ರಿ ಯಾರ್ಯಾರು ಮಲಗಿದ್ದರೆಂದು ಕೇಳಿದ್ದಕ್ಕೆ ಬಾಯಿಪಾಠ ಒಪ್ಪಿಸಿದ: "ನಾನು, ತಂಗಿ, ಮಗಳು, ಅವಳು. ಅವಳು ಈಗಷ್ಟೇ ಹೊರಗೆ ಹೋದ್ಲು."

"ಈ ಕತ್ತಲಲ್ಲಿ? ಚಪ್ಪಲಿ ಬಿಟ್ಟು?"

ಬೇಕರಿಯವನು ತಲೆ ಕೆರೆದುಕೊಂಡ, ಕೂದಲಿಗೂ ಹಿಟ್ಟಾಯಿತು. "ಅವಳಿಗೆ ಬರಿಗಾಲಲ್ಲಿ ಓಡಾಡೋ ಅಭ್ಯಾಸ ಮೇಡಂ."

ಮೇಡಂ ಬಗ್ಗಿ ಚಪ್ಪಲಿಯ ಮೇಲೆ ಬೆರಳಾಡಿಸಿದರು. ಬೆರಳಿಗೆ ಧೂಳು ಹತ್ತಿತು, ಒಂದು ದಿನದ ಧೂಳಲ್ಲ ಅದು. ಬೆರಳನ್ನು ಕರವಸ್ತ್ರಕ್ಕೆ ಒರೆಸಿಕೊಂಡು ಮುಂದಿನ ಮನೆಗೆ ನಡೆದರು. ಅಲ್ಲೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಧೂಳು. ಒಂದು ಜೊತೆ ಚಪ್ಪಲಿಯ ಹೆಬ್ಬೆರಳ ಉಂಗುರದಲ್ಲಿ ಜೇಡ ಬಲೆ ಕಟ್ಟಿತ್ತು. ಲೆಕ್ಕಣ್ಣ ಹಿಂದೆ ಹಿಂದೆ ಕಳ್ಳನ ಹಾಗೆ ಹೆಜ್ಜೆ ಹಾಕುತ್ತಿದ್ದ.

"ನೀವು ಊರೂರು ತಿರುಗ್ತೀರಲ್ಲ ಮೇಡಂ, ನಿಮ್ಮನ್ನ ಎಲ್ಲಿ ಎಣಿಸ್ತಾರೆ?" ಎಂದು ಕೇಳಿದ.

"ಲಾಡ್ಜಿನಲ್ಲಿ," ಎಂದರು ಮೇಡಂ. "ರೂಮ್ ನಂಬರ್ ಆರು, ಹೆಂಗಸು ಒಂದು."

ಕ್ಷೌರದಂಗಡಿಗೆ ಬರುವಾಗ ಬೆಳಕು ಹರಿದಿತ್ತು, ಜಡೆಯ ಸಾಲು ಬೆಳೆದಿತ್ತು. ಮೇಡಂ ಅಲ್ಲೇ ನಿಂತರು. ಕ್ಷೌರದವನು ಒಂದು ಹುಡುಗಿಯ ತಲೆಯಲ್ಲಿ ಬೈತಲೆ ತೆಗೆಯುತ್ತಿದ್ದ, ನಾಲಗೆ ಹೊರಚಾಚಿಕೊಂಡು, ಅಷ್ಟು ಏಕಾಗ್ರತೆಯಿಂದ. ಎರಡೂ ಜಡೆ ಮುಗಿಸಿ, ರಿಬ್ಬನ್ನಿನ ಹೂ ಕಟ್ಟಿ, ಹುಡುಗಿಯನ್ನು ಕೆಳಗಿಳಿಸಿ ಕೈ ಒರೆಸಿಕೊಂಡ.

"ನಿಮ್ಮ ಮನೇಲಿ ನಿನ್ನೆ ರಾತ್ರಿ ಯಾರ್ಯಾರು ಮಲಗಿದ್ರು?" ಎಂದರು ಮೇಡಂ.

ಅವನು ಲೆಕ್ಕಣ್ಣನ ಮುಖ ನೋಡಿದ, ಸಾಲಿನಲ್ಲಿ ನಿಂತಿದ್ದ ಗಂಡಸರ ಮುಖ ನೋಡಿದ. ಯಾರೂ ಕಣ್ಣು ಕೊಡಲಿಲ್ಲ.

"ನಾನೊಬ್ಬನೇ," ಎಂದ. "ಅವಳು ಹೋಗಿ ಒಂಬತ್ತು ವರ್ಷ ಆಯ್ತು ಮೇಡಂ. ಮಗಳೂ ಹೋದ ವರ್ಷ ಅವಳ ಹತ್ತಿರಾನೇ ಹೋದ್ಲು. ನನ್ನ ಮಗಳ ಜಡೆಗೆ ಅಂತ ಇದನ್ನ ಕಲಿತೆ. ಈಗ ಊರಿನ ಮಕ್ಕಳಿಗೆಲ್ಲ ಹಾಕ್ತೀನಿ. ಬರ್ಕೊಳ್ಳಿ, ಒಬ್ಬನೇ ಅಂತ ಬರ್ಕೊಳ್ಳಿ. ಎಷ್ಟು ವರ್ಷ ಅಂತ ಸುಳ್ಳು ಹೇಳೋದು?"

ಅಷ್ಟೇ ಸಾಕಾಯಿತು. ಬಾಯಿಗೆ ಹಾಕಿಕೊಂಡಿದ್ದ ಬೀಗ ಒಬ್ಬೊಬ್ಬರದೂ ಕಳಚಿತು. ನನ್ನವಳು ಆರು ವರ್ಷ, ನನ್ನವಳು ಹನ್ನೊಂದು, ನಮ್ಮನೇಲಿ ಇಬ್ಬರು ಸೊಸೆಯಂದಿರೂ ಇಲ್ಲ ಮೇಡಂ. ಬೇಕರಿಯವನು ಅಂಗಡಿ ಬಿಟ್ಟು ಓಡಿಬಂದು, "ನಂದೂ ತಿದ್ದಿ, ಬರಿಗಾಲು ಅಂದಿದ್ದು ಸುಳ್ಳು" ಎಂದ. ಜಡೆಗೆಂದು ಸಾಲು ನಿಂತವರೇ ಹೆಂಡತಿಯ ಹೆಸರು ಹೊಡೆಸಲು ಸಾಲು ನಿಂತಂತಾಯಿತು. ಲೆಕ್ಕಣ್ಣ ಅಂಗಡಿಯ ಮೆಟ್ಟಿಲ ಮೇಲೆ ಕೂತು ಒಂದೊಂದನ್ನೂ ಹೊಡೆದುಹಾಕಿದ. ನಿನ್ನದು ಹೇಳು ಲೆಕ್ಕಣ್ಣ ಎಂದು ಯಾರೂ ಕೇಳಲಿಲ್ಲ. ಅದು ಊರಿನ ದೊಡ್ಡತನವೋ, ಅವರವರ ದುಃಖದಲ್ಲಿ ಮರೆತರೋ, ದೇವರೇ ಬಲ್ಲ.

ಮಧ್ಯಾಹ್ನದ ಹೊತ್ತಿಗೆ ವಾರ್ಡೆಲ್ಲ ಮುಗಿದು, ಉಳಿದದ್ದು ಅವನದೊಂದೇ ಮನೆ. ತೊಂಬತ್ತೊಂದು ಹೋಗಿ ಹದಿನೇಳಾಗಿತ್ತು. ಅವನ ಬಾಗಿಲ ಮುಂದೆ ಮೇಡಂ ಮತ್ತೆ ಬಗ್ಗಿದರು. ಹೆಂಗಸಿನ ಕಪ್ಪು ಚಪ್ಪಲಿ, ಪಟ್ಟಿಗೆ ಎಣ್ಣೆ ಹಚ್ಚಿ ಮಿರಮಿರ ಮಿಂಚುತ್ತಿತ್ತು. ಬೆರಳಾಡಿಸಿದರೆ ಧೂಳಿನ ಸುಳಿವಿಲ್ಲ. ಪ್ರತಿ ಭಾನುವಾರ ಫೋನು ಬರುವ ಮೊದಲು ಅವನು ಅದನ್ನು ಒರೆಸಿಡುತ್ತಿದ್ದ, ಫೋನಿನಲ್ಲೇ ಅವಳಿಗೆ ಕಂಡುಬಿಡುತ್ತದೆ ಎನ್ನುವ ಹಾಗೆ. ಒಳಗೆ ಅತ್ತೆ ಕೆಮ್ಮಿದಳು.

ಬೆಳಗ್ಗೆಯಿಂದ ಮೊದಲ ಸಲ ಮೇಡಂ ಮುಖದಲ್ಲಿ ನಗು ಕಂಡಿತು. "ಅಬ್ಬಾ, ಈ ಬೀದೀಲಿ ಒಂದು ಮನೇಲಾದ್ರೂ ಹೆಂಡತಿ ಇದಾರಲ್ಲ. ನಿಮ್ಮನೆ ಸೇರಿಸಿ ಹದಿನೆಂಟು. ಹೊಸ ನಕ್ಷೆ ಸೋಮವಾರ ಬೆಳಗ್ಗೆ ಕೊಟ್ಬಿಡಿ," ಎಂದು ಲಾಡ್ಜಿನ ದಾರಿ ಹಿಡಿದರು.

ಅವನು ಪುಸ್ತಕ ಮಡಚಿ ಕಂಕುಳಲ್ಲಿಟ್ಟುಕೊಂಡ. ಮೇಡಂ ತಿರುವು ದಾಟಿದ ಮೇಲೆ, ಬದುಕಿದೆಯಾ ಬಡಜೀವವೇ ಎಂದು ಉಸಿರು ಬಿಟ್ಟ. ಬಿಟ್ಟ ಗಳಿಗೆಯಲ್ಲೇ ತನ್ನ ಮೇಲೆ ತನಗೇ ಅಸಹ್ಯವಾಯಿತು. ವಾರ್ಡಿನ ಗಂಡಸರೆಲ್ಲ ಬೀದಿಯಲ್ಲಿ ನಿಂತು ಇದ್ದದ್ದು ಇದ್ದ ಹಾಗೆ ಹೇಳಿದ್ದರು. ಲೆಕ್ಕ ಬರೆಯುವವನೊಬ್ಬ ಹೇಳಲಿಲ್ಲ.

ಮಧ್ಯಾಹ್ನವೆಲ್ಲ ಕಚೇರಿಯಲ್ಲಿ ಕೂತು ಹೊಸ ಕಾಗದದ ಮೇಲೆ ನಕ್ಷೆ ಬರೆದ. ಎಡಗಡೆ ಗಂಡಸರು ಹಾಗೇ ನಿಂತಿದ್ದರು. ಬಲಗಡೆ ನಡುವಿನಲ್ಲಿ ಯಾರೋ ಕಚ್ಚಿ ತಿಂದ ಹಾಗೆ ಕಾಣುತ್ತಿತ್ತು. ಕೆಳಗೆ ಮಕ್ಕಳ ಸಾಲುಗಳು ಗೇಣುದ್ದವೂ ಇಲ್ಲ, ಮೇಲೆ ಅಜ್ಜಿಯರ ಸಾಲುಗಳು ಮಾತ್ರ ಉದ್ದಕ್ಕೆ ಹೊರಚಾಚಿದ್ದವು. ಇಷ್ಟು ವರ್ಷ ನಡೆದಾಡಿದ ಊರು ಹೀಗಿದೆ ಎಂದು ಅವನು ಕಣ್ಣಾರೆ ನೋಡಿದ್ದು ಆವತ್ತೇ. ನಲವತ್ತೈದರ ಸಾಲಿನಲ್ಲಿ ಮೂರು ಚೌಕ. ಮೂರನೆಯದಕ್ಕೆ ಪೆನ್ಸಿಲು ಚೂಪು ಮಾಡಿಕೊಂಡು, ಮೂಲೆ ಬಿಡದಂತೆ ಬಣ್ಣ ತುಂಬಿದ.

ಸಂಜೆ ಮನೆಗೆ ಬಂದಾಗ ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಎಂಬತ್ತೊಂದು ವಯಸ್ಸು, ಕಣ್ಣು ಮಂಜಾಗಿತ್ತೇ ಹೊರತು ನಾಲಗೆ ಮಂಜಾಗಿರಲಿಲ್ಲ.

"ಬೀದೀಲಿ ಬೆಳಗ್ಗೆಯಿಂದ ಗಲಾಟೆ. ಎಷ್ಟು ಜನ ಉಳಿದ್ರು?"

"ಹದಿನೆಂಟು ಅತ್ತೆ."

ಅತ್ತೆ ಬೆರಳು ಮಡಚತೊಡಗಿದಳು. "ಸ್ವೆಟರ್ ಹೆಣಿಯೋ ನರ್ಸು. ಟೀಚರು ಇಬ್ರು. ಬೇಕರಿಯವನ ತಂಗಿ. ಕಾಲು ಮುರ್ಕೊಂಡು ವಾಪಸ್ ಬಂದ್ಲಲ್ಲ, ಆ ಉದ್ದನೆಯವಳು. ಅಂಚೆಯವಳು..." ಹೀಗೆ ಒಂದೊಂದು ಮನೆಯನ್ನೂ ಹೊಕ್ಕು ಹೊರಬಂದು ಹದಿನೇಳಕ್ಕೆ ನಿಂತಳು. ಮತ್ತೊಮ್ಮೆ ಮೊದಲಿನಿಂದ ಎಣಿಸಿದಳು. ಮತ್ತೆ ಹದಿನೇಳು.

"ಹದಿನೆಂಟನೆಯವಳು ಯಾರು ಅಳಿಯಂದ್ರೇ?"

ಲೆಕ್ಕಣ್ಣ ಒಲೆಯ ಮೇಲಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ ನಿಂತ. ಆಡಿಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಬರೀ ನೀರು.

"ನೀವು ನನಗೆ ಮಗನಿಗಿಂತ ಹೆಚ್ಚು ಮಾಡಿದೀರಿ," ಎಂದಳು ಅತ್ತೆ. "ಅದಕ್ಕೇ ಇಷ್ಟು ವರ್ಷ ಕೇಳಿರಲಿಲ್ಲ. ನಾನು ಹೆತ್ತವಳು, ಅವಳು ಬರ್ತಾಳೆ ಅಂತ ನಾನೂ ಕಿವಿ ನೆಟ್ಟಗೆ ಮಾಡ್ಕೊಂಡೇ ಮಲಗ್ತೀನಿ. ಆದ್ರೆ ನಿನ್ನೆ ರಾತ್ರಿ ಅವಳು ಇಲ್ಲಿ ಮಲಗಿರಲಿಲ್ಲ. ಮಲಗಿದ್ರೆ ನನಗೆ ಗೊತ್ತಾಗ್ತಿತ್ತು."

ಭಾನುವಾರ ಬೆಳಗ್ಗೆ ಫೋನು ಬಂತು. ಅಮ್ಮನ ಕಣ್ಣು ಹೇಗಿದೆ, ಊಟ ಆಯ್ತಾ, ಚಳಿ ಹೇಗೆ, ಎಲ್ಲ ಮುಗಿದ ಮೇಲೆ ಅವನು ಸುಮ್ಮನೆ ಕೇಳುವ ಹಾಗೆ ಕೇಳಿದ.

"ಏನೇ, ಅಲ್ಲೂ ಜನಗಣತಿ ಮಾಡ್ತಾರಾ?"

"ಮಾಡದೆ ಏನು? ನಾನು ಬಂದ ಮೇಲೆ ಎರಡು ಸಲ ಬಂದಿದ್ರು. ಪಾಪ, ನಿಮ್ಮ ಥರಾನೇ ಒಬ್ರು, ಚೀಲ ನೇತಾಕ್ಕೊಂಡು. ನಿಮ್ಮ ನೆನಪಾಯ್ತು, ಕೂರಿಸಿ ಕಾಫಿ ಕೊಟ್ಟೆ."

"ಏನಂತ ಬರೆಸ್ದೆ?"

"ಮನೇಲಿ ಯಾರ್ಯಾರು ಅಂದ್ರು. ನಾನು, ಈ ಅಜ್ಜಿ ಅಂದೆ."

"ನಾನು ಇಲ್ಲಿಯವಳಲ್ಲ ಅಂತ ಹೇಳಲಿಲ್ವಾ?"

"ಇಲ್ಲೇ ಇದೀನಲ್ರೀ," ಎಂದಳು ಅವಳು. ಆಮೇಲೆ ದನಿ ಇಳಿಸಿ, "ಯಾಕೆ? ನೀವು ನನ್ನನ್ನ ಇನ್ನೂ ಅಲ್ಲೂ ಬರೀತಿದೀರಾ?"

"ಹೂಂ. ಒಂದು ಜೀವಕ್ಕೆ ಒಂದೇ ಚೌಕ ಅಲ್ವಾ? ಎರಡು ಕಡೆ ಬರೆದ್ರೆ ತಪ್ಪಾಗುತ್ತೆ," ಎಂದ. "ಹದಿನಾಲ್ಕು ವರ್ಷದಿಂದ ಬರೀತಿದೀನಿ."

ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು ಬಂತು, ಅಳುವೋ ನಗುವೋ ತಿಳಿಯಲಿಲ್ಲ. "ವಯಸ್ಸು ಎಷ್ಟು ಹಾಕಿದೀರಿ?"

"ನಲವತ್ತಾರು."

"ನಲವತ್ತೇಳು ಕಣ್ರೀ ನನಗೆ. ನಾನು ಬಂದು ಹದಿನೈದು ವರ್ಷ ಆಯ್ತು."

ಲೆಕ್ಕಣ್ಣ ಬೆರಳು ಮಡಚಿದ, ಬಿಡಿಸಿದ, ಮತ್ತೆ ಮಡಚಿದ. ಆಮೇಲೆ ಹೊಳೆಯಿತು. ನೆರೆ ಬಂದು ಊರು ಮುಳುಗಿದ ವರ್ಷ ಗಣತಿಯೇ ನಡೆದಿರಲಿಲ್ಲ. ಗಣತಿ ಇಲ್ಲವೆಂದು ಅವನು ಹೆಂಡತಿಯ ವಯಸ್ಸಿಗೆ ಒಂದು ಕೂಡಿಸಿರಲಿಲ್ಲ. ವಾರ್ಡಿನ ಮಿಕ್ಕವರನ್ನೆಲ್ಲ ಪ್ರತಿ ಸಲ ಎದುರಿಗೆ ನಿಂತು ಕೇಳಿ ಬರೆದುಕೊಳ್ಳುತ್ತಿದ್ದ. ಅವಳೊಬ್ಬಳನ್ನು ಕೇಳದೆ, ಹಳೆಯ ಪುಸ್ತಕ ನೋಡಿ ಬರೆಯುತ್ತಿದ್ದ. ಕಾಗದದ ಮೇಲೆ ಅವಳು ಅಲುಗದೆ ನಿಂತಿದ್ದ ಆ ವರ್ಷವೂ ಅವಳು ಅಲ್ಲಿ ಎದ್ದಿದ್ದಳು, ದುಡಿದಿದ್ದಳು, ಒಬ್ಬಳೇ ಮಲಗಿದ್ದಳು, ಅವಳಿಗೂ ಒಂದು ವರ್ಷ ವಯಸ್ಸಾಗಿತ್ತು.

"ಕೇಳಿಸ್ತಿದೆಯಾ?" ಎಂದಳು ಅವಳು.

"ಕೇಳಿಸ್ತಿದೆ," ಎಂದ. "ನನ್ನದೇ ತಪ್ಪು ಕಣೇ."

ಆವತ್ತು ಫೋನಿಡುವಾಗ ಅವಳು ಬರೋ ವರ್ಷ ಖಂಡಿತ ಎನ್ನಲಿಲ್ಲ. ಅವನೂ ಅದಕ್ಕಾಗಿ ಕಾಯಲಿಲ್ಲ.

ಸೋಮವಾರ ಬೆಳಗ್ಗೆ ಹೊರಡುವ ಮುಂಚೆ ಗಣತಿ ಪುಸ್ತಕ ತೆಗೆದು ಅತ್ತೆಯ ಹಾಸಿಗೆಯ ಪಕ್ಕ ಕೂತ. ಬೇರೆಯವರ ಮನೆ ಬಾಗಿಲಲ್ಲಿ ಕೇಳುವ ದನಿಯಲ್ಲೇ ಕೇಳಿದ.

"ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಮಲಗಿದ್ರು?"

"ನಾನು, ನೀವು," ಎಂದಳು ಅತ್ತೆ.

ಅವನು ಎರಡು ಎಂದು ಬರೆದ. ಅತ್ತೆ ಕೈಚಾಚಿ ತಡಕಾಡಿ ಅವನ ಮೊಣಕೈ ಹಿಡಿದುಕೊಂಡಳು.

ಕಚೇರಿಗೆ ಹೋಗಿ ನಕ್ಷೆ ಬಿಡಿಸಿ ರಬ್ಬರು ತೆಗೆದುಕೊಂಡ. ಉಳಿದ ಚೌಕಗಳಿಗೆ ಬಣ್ಣ ತೆಳುವಾಗಿ ಹಚ್ಚಿದ್ದ. ಈ ಒಂದಕ್ಕೆ ಒತ್ತಿ ಒತ್ತಿ ತುಂಬಿದ್ದ, ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಕೆಂಪು ಪುಡಿಯನ್ನು ಊದಿ ಮೇಡಂ ಮುಂದಿಟ್ಟ.

ಮೇಡಂ ಒಂದೊಂದೇ ಸಾಲು ನೋಡುತ್ತ ಮೇಲೇರಿದರು. ಮುದುಕರಿಗೊಂದು ಆಸ್ಪತ್ರೆ, ಕಣ್ಣಿಗೊಬ್ಬ ಡಾಕ್ಟರು ಬೇಕೆಂದು ಬರೆಯುತ್ತೇನೆ ಎಂದರು. ನಲವತ್ತೈದರ ಸಾಲಿನಲ್ಲಿ ಅವರ ಬೆರಳು ನಿಂತಿತು.

"ಇದೇನು ಕಲೆ?"

"ಒಬ್ಬರು ಜಾಸ್ತಿ ಆಗಿದ್ರು ಮೇಡಂ. ಅಳಿಸಿದೆ."

"ಯಾರ ಮನೆಯವರು?"

"ನಮ್ಮ ಮನೆಯವಳು."

ಮೇಡಂ ತಲೆ ಎತ್ತಿದರು. ಒರೆಸಿಟ್ಟ ಚಪ್ಪಲಿ ಅವರಿಗೆ ನೆನಪಾಗಿರಬೇಕು. ಚೀಲದಿಂದ ಥರ್ಮಾಸು ತೆಗೆದು, ಮುಚ್ಚಳಕ್ಕೆ ಕಾಫಿ ಬಗ್ಗಿಸಿ, ಮೇಜಿನ ಮೇಲೆ ಅವನ ಕಡೆಗೆ ಸರಿಸಿದರು.

"ಅವರಿಗೆ ವಯಸ್ಸೆಷ್ಟು?" ಎಂದರು.

"ನಲವತ್ತೇಳು," ಎಂದ ಲೆಕ್ಕಣ್ಣ.